ತುಟಿಮಾತಿನವಳ ಹಾಡು

ಮಾರ್ಚ್ ೩, ಭಾನುವಾರ

ಪ್ರೀತಿಯ ಅಕ್ಕ,

ನೀನು, ನಿನ್ನ ಮಗಳು, ಅಳಿಯ ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿಕೊಂಡು ಬರೆಯುತ್ತಿದ್ದೇನೆ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ, ಇವರ ಬೆನ್ನುನೋವು ಒಂದನ್ನು ಬಿಟ್ಟರೆ. ಅದು ಮದುವೆಯಾದಾಗಿನಿಂದ ಇದೆ, ಅದನ್ನೂ ಮನೆಯವರಲ್ಲಿ ಒಬ್ಬರೆಂದು ಸೇರಿಸಿಕೊಂಡುಬಿಟ್ಟಿದ್ದೇನೆ. ನಿನ್ನ ಎರಡು ಕಾಗದ ಬಂದರೂ ಉತ್ತರ ಬರೆಯದೆ ಕೂತೆ, ಬೈಯಬೇಡ. ಲಾಂಡ್ರಿಯಲ್ಲಿ ಇಬ್ಬರು ಒಟ್ಟಿಗೇ ರಜೆ ಹಾಕಿ ಆಸ್ಪತ್ರೆಯ ಬೆಡ್‌ಶೀಟುಗಳೆಲ್ಲ ನನ್ನ ತಲೆಗೇ ಬಂದವು. ಇದು ಅರ್ಧ ಕಾರಣ. ಉಳಿದರ್ಧ ಹೇಳಿದರೆ ನಗುತ್ತೀಯ. ನಾನು ಹಾಡು ಕಲಿಯುತ್ತಿದ್ದೇನೆ. ಲಾಲಿ ಹಾಡಲ್ಲ ಅಕ್ಕ, ರಾಕ್.

ನಗು, ನಕ್ಕು ಮುಗಿಸು, ಆಮೇಲೆ ಮುಂದೆ ಓದು.

ನಮ್ಮ ಹಳೆಯ ನೇಯ್ಗೆ ಶೆಡ್ಡನ್ನು ಸಭಾಂಗಣ ಮಾಡುತ್ತಿದ್ದಾರೆಂದು ಬರೆದಿದ್ದೆನಲ್ಲ, ಜೂನ್ ತಿಂಗಳಲ್ಲಿ ಅದರ ಬಾಗಿಲು ತೆಗೆಯುತ್ತಾರೆ. ಮೊದಲ ಸಂಜೆ ನಮ್ಮ ಕೆಲಸಗಾರರ ಬ್ಯಾಂಡಿಗೆ ಅರ್ಧ ಗಂಟೆ ಕೊಟ್ಟಿದ್ದಾರೆ. ಫಿಟ್ಟರ್ ಡ್ರಮ್ಸು, ಕ್ಯಾಂಟೀನ್ ಅಣ್ಣ ಗಿಟಾರು, ಹಾಡಲು ಗೇಟಿನವಳು. ಅವಳ ಗಂಟಲನ್ನು ನಂಬಿಯೇ ನೀನು ಆ ಹಾಡು ಬರೆದುಕೊಟ್ಟೆ. ಗೇಟಿನಲ್ಲಿ ನಿಂತು ಒಂದು ಸಲ ಗದರಿದರೆ ಲಾರಿ ಹಿಂದಕ್ಕೆ ಹೋಗುತ್ತಿತ್ತು, ಅಂಥ ದನಿ. ಈಗ ಅವಳು ಬೇರೆ ಊರಿನಲ್ಲಿ ಕೆಲಸ ಸಿಕ್ಕಿತೆಂದು ಗಂಟುಮೂಟೆ ಕಟ್ಟಿಕೊಂಡು ಹೋಗಿಬಿಟ್ಟಳು. ಫಿಟ್ಟರ್ ಎಲ್ಲರನ್ನೂ ಕರೆದು, "ಯಾರು ಹಾಡ್ತೀರಿ?" ಅಂತ ಕೇಳಿದ. ಎಲ್ಲರೂ ನೆಲ ನೋಡಿದರು. ನನಗೆ ಏನು ಬಡಿದಿತ್ತೋ ಕಾಣೆ, "ನಾನು ಹಾಡ್ತೀನಿ" ಅಂದೆ. ಯಾರಿಗೂ ಕೇಳಿಸಲಿಲ್ಲ. ಫಿಟ್ಟರ್ ಒಬ್ಬನೇ ನನ್ನ ತುಟಿ ನೋಡಿ, "ಇವಳು ಹಾಡ್ತಾಳಂತೆ" ಅಂತ ಎಲ್ಲರಿಗೂ ಜೋರಾಗಿ ಹೇಳಿದ. ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅವರು ನಗದಿದ್ದರೆ ನಾನೇ ಹಿಂದೆ ಸರಿಯುತ್ತಿದ್ದೆನೋ ಏನೋ. ನಕ್ಕ ಮೇಲೆ ಹೇಗೆ ಸರಿಯಲಿ?

ನಮ್ಮ ತುಟಿಮಾತು ನಿನಗೆ ಹೊಸದಲ್ಲ. ನಾನೂರು ಮಗ್ಗ ಒಟ್ಟಿಗೆ ಓಡುವ ಶೆಡ್ಡಿನಲ್ಲಿ ಯಾರು ತಾನೇ ಬಾಯಿಬಿಟ್ಟು ಮಾತಾಡುತ್ತಾರೆ? ದನಿಯಿಲ್ಲದೆ ತುಟಿಯನ್ನು ದೊಡ್ಡದಾಗಿ ಆಡಿಸುವುದು, ಎದುರಿನವಳು ಅದನ್ನು ಓದುವುದು. ಆ ವಿದ್ಯೆ ಕಲಿಸಿದವಳು ನೀನೇ. ಹತ್ತೊಂಬತ್ತನೇ ವಯಸ್ಸಿಗೆ ನಿನ್ನ ಹಿಂದೆ ಬಾಲದ ಹಾಗೆ ಶೆಡ್ಡಿಗೆ ಬಂದವಳಿಗೆ ಮೊದಲ ದಿನ ನೀನು ತುಟಿಯಲ್ಲೇ ಹೇಳಿದ್ದು, "ಹೆದರಬೇಡ." ಆಮೇಲೆ ಇಪ್ಪತ್ತೊಂಬತ್ತು ವರ್ಷ ನಾನು ದಿನಕ್ಕೆ ಎಂಟು ಗಂಟೆ ದನಿಯಿಲ್ಲದೆ ಹರಟಿದೆ. ಶೆಡ್ಡು ಮುಚ್ಚಿ ಎರಡು ವರ್ಷವಾದರೂ ಚಾಳಿ ಹೋಗಿಲ್ಲ. ಮೊನ್ನೆ ಇವರು, "ಅಡುಗೆಮನೆಯಲ್ಲಿ ನಿಂತು ತುಟಿ ಆಡಿಸಿದ್ರೆ ಕೆಳಗೆ ಅಂಗಡೀಲಿರೋ ನಂಗೆ ಹೇಗೆ ಗೊತ್ತಾಗ್ಬೇಕು? ನಾನೇನು ದೇವರಾ?" ಅಂತ ರೇಗಿದರು.

ಇನ್ನು ಟೀಚರ್ ವಿಷಯ. ಸ್ಟೇಷನ್ ರಸ್ತೆಯಲ್ಲಿ ಬ್ಯಾಟರಿ ಅಂಗಡಿ ಇದೆಯಲ್ಲ, ಅದರ ಮಹಡಿಯಲ್ಲಿ ಪಾಠ ಹೇಳುತ್ತಾಳೆ. ನನ್ನ ಭುಜಕ್ಕೆ ಬರುತ್ತಾಳೆ, ಅಷ್ಟು ಕುಳ್ಳಿ. ಬಾಯಿ ತೆರೆದರೆ ಕೆಳಗಿನ ಅಂಗಡಿಯಲ್ಲಿ ಗಿರಾಕಿಗಳು ಮಾತು ನಿಲ್ಲಿಸಿ ಮೇಲೆ ನೋಡುತ್ತಾರೆ. ನಾನು ಅವಳಿಗೆ ಗುಡುಗಮ್ಮ ಅಂತ ಹೆಸರಿಟ್ಟಿದ್ದೇನೆ, ಅವಳಿಗೆ ಗೊತ್ತಿಲ್ಲ. ಮೊದಲ ದಿನ ನಿನ್ನ ಹಾಡಿನ ನಾಲ್ಕು ಸಾಲು ಹಾಡಿಸಿದಳು. ಮುಗಿದ ಮೇಲೆ, "ಬಾಯಿ ಬಹಳ ಚೆನ್ನಾಗಿ ಹಾಡ್ತು. ನೀವು ಯಾವಾಗ ಹಾಡ್ತೀರಿ?" ಅಂದಳು.

ಅವಳ ಪ್ರಕಾರ ನಮಗೆಲ್ಲ ಎರಡು ದನಿ. ಒಂದು ತಲೆಯದು, ತೆಳ್ಳಗೆ, ಮೇಲೆ ತೇಲುವಂಥದ್ದು. ಇನ್ನೊಂದು ಎದೆಯದು, ದಪ್ಪ, ನೆಲಕ್ಕೆ ಕಾಲೂರಿ ನಿಲ್ಲುವಂಥದ್ದು. ರಾಕ್ ಹಾಡಿಗೆ ಎದೆಯದೇ ಬೇಕು. ನನ್ನ ಅಂಗೈಯನ್ನು ಎದೆಮೂಳೆಯ ಮೇಲಿಟ್ಟು, ಯಾರದೋ ಮಾತಿಗೆ ಒಪ್ಪಿದ ಹಾಗೆ "ಹ್ಞೂಂ" ಅನ್ನಿ ಅಂದಳು. ಅಂದೆ. "ಕೈಗೆ ಜುಂ ಅಂತಾ?" ಇಲ್ಲ, ಮೂಗಿನಲ್ಲಿ ಮಾತ್ರ ಗುಂಯ್ ಅಂದಿತು. "ಮಾತಾಡೋ ದನಿನೇ ಹಾಡೋ ದನಿ. ನೀವು ಹಾಡು ಅಂದ ತಕ್ಷಣ ಅಟ್ಟ ಹತ್ತಿ ಕೂತ್ಕೋತೀರಿ. ಮೊದಲು ಕೆಳಗಿಳೀರಿ" ಅಂದಳು. ಮುಕ್ಕಾಲು ಗಂಟೆ ಹಾಡೇ ಇಲ್ಲ. ನನ್ನ ಮನೆ ವಿಳಾಸವನ್ನು ಬಸ್ ಕಂಡಕ್ಟರಿಗೆ ಹೇಳುವ ಹಾಗೆ ಮತ್ತೆ ಮತ್ತೆ ಹೇಳಿಸಿದಳು. ಕೊನೆಗೆ ಬಾಗಿಲ ನಂಬರು ಹೇಳುವಾಗ ಅಂಗೈ ಕೆಳಗೆ ಒಂದು ಸಲ, ಒಂದೇ ಒಂದು ಸಲ, ಜುಂ ಅಂದಿತು. ನನಗೆ ಅಳು ಬಂತು ಅಕ್ಕ. ನನ್ನೊಳಗೆ ಅಂಥದ್ದೊಂದು ಇದೆಯೆಂದೇ ನನಗೆ ಗೊತ್ತಿರಲಿಲ್ಲ.

ಫೋನ್ ಮಾಡಿ ಇದನ್ನೆಲ್ಲ ಹೇಳಬಹುದಿತ್ತು. ಆದರೆ ನನ್ನ ದನಿ ನಿನ್ನ ಕಿವಿಗೆ ಎಲ್ಲಿ ತಲುಪುತ್ತದೆ? ನಿನ್ನ ಮಗಳ ದನಿ ಕೇಳುತ್ತದೆ, ಅಳಿಯನದು ಕೇಳುತ್ತದೆ, ನನ್ನದು ಮಾತ್ರ ಇಲ್ಲ. ಕೇಳಿದ್ದಕ್ಕೆ ಗುಡುಗಮ್ಮ ಕಾರಣ ಹೇಳಿದಳು. ಮಗ್ಗದ ಸದ್ದು ತಿಂದ ಕಿವಿ ತೆಳ್ಳಗಿನ ದನಿಯನ್ನೇ ಮೊದಲು ಬಿಟ್ಟುಕೊಡುತ್ತದಂತೆ, ದಪ್ಪ ದನಿ ಉಳಿಯುತ್ತದಂತೆ. ಅದನ್ನು ಕೇಳಿದ ಮೇಲೆ ನನಗೆ ಸ್ಟೇಜಿಗಿಂತ ದೊಡ್ಡ ಆಸೆ ಹುಟ್ಟಿದೆ. ನಿನಗೆ ಕೇಳಿಸಬೇಕು. ಅಷ್ಟೇ.

ನಿನ್ನ ಆಶೀರ್ವಾದ ಬೇಡುವ,
ತಂಗಿ

ತಾ.ಕ.: ನಿನ್ನ ಎಡಗೈ ಅಕ್ಷರ ಈಗ ನನ್ನ ಬಲಗೈ ಅಕ್ಷರಕ್ಕಿಂತ ದುಂಡಗಾಗಿದೆ. ಬಲಗೈಯ ಮೂರು ಬೆರಳು ಆ ಮಗ್ಗಕ್ಕೆ ಕೊಟ್ಟು ಹನ್ನೊಂದು ವರ್ಷವಾಯಿತು. ಹೊಗಳಬೇಕೋ ಬೇಡವೋ ತಿಳಿಯದೆ ಕೊನೆಯಲ್ಲಿ ಬರೆದೆ.


ಏಪ್ರಿಲ್ ೧೪, ಭಾನುವಾರ

ಪ್ರೀತಿಯ ಅಕ್ಕ,

ನಿನ್ನ ಕಾಗದ ಬಂದು ಮೂರು ವಾರ. ಈ ಸಲ ತಡವಾದದ್ದಕ್ಕೆ ಕಾರಣ ನನ್ನ ದಡ್ಡತನ. ನಿನಗೆ ತೋರಿಸಿಕೊಳ್ಳಲು ನಾಚಿಕೆಯಾಯಿತು.

ಎದೆ ದನಿ ಸ್ವಲ್ಪ ಸಿಕ್ಕಿತಲ್ಲ, ನನಗೆ ಕೋಡು ಬಂತು. ಲಾಂಡ್ರಿಯಲ್ಲಿ ದೊಡ್ಡ ಒಗೆಯುವ ಮೆಷಿನ್ನುಗಳು ಓಡುವಾಗ ಅವುಗಳ ಮೇಲೆ ಹಾಡಿ ಗೆಲ್ಲಬೇಕೆಂದು ಹಟ ಹಿಡಿದೆ. ನಾಲ್ಕು ದಿನ ಕಿರುಚಿದೆ. ಗೆದ್ದದ್ದು ಮೆಷಿನ್ನು. ಐದನೇ ದಿನ ಬೆಳಿಗ್ಗೆ ಎದ್ದರೆ ಗಂಟಲಿಂದ ಗಾಳಿ ಬಿಟ್ಟು ಬೇರೇನೂ ಇಲ್ಲ. ಒಂದು ವಾರ ಚೀಟಿ ಬರೆದು ಸಂಸಾರ ನಡೆಸಿದೆ. ಇವರು ಮೊದಲ ದಿನ ಖುಷಿಯಾಗಿದ್ದರು. ಮೂರನೇ ದಿನ, "ಮನೆ ಯಾಕೋ ಬಿಕೋ ಅಂತಿದೆ, ಏನಾದ್ರೂ ಬೈಯಿ" ಅಂದರು. ಚೀಟಿಯಲ್ಲೇ ಬೈದೆ.

ಗುಡುಗಮ್ಮ ಮುಖ ಗಂಟು ಹಾಕಿಕೊಂಡು ಕೇಳಿದಳು. "ಜೋರು ಗಂಟಲಲ್ಲಿ ಇಲ್ಲ. ಗಂಟಲು ಬರೀ ಬಾಗಿಲು. ಒಳಗಿರೋರು ಬರ್ಲಿ ಅಂತ ತೆಗೀಬೇಕು, ಬಾಗಿಲನ್ನೇ ಕಿತ್ತು ಬೀದಿಗೆ ಎಸೀತಾರಾ?" ಅಂದಳು. ಹತ್ತು ದಿನ ಹಾಡು ಬಂದ್. ಲೋಟದಲ್ಲಿ ನೀರು ಹಾಕಿ ಸ್ಟ್ರಾ ಇಟ್ಟು ಗುಳುಗುಳು ಎನ್ನಿಸುತ್ತಾ ರಾಗ ಎಳೆಯುವುದು, ತುಟಿಯನ್ನು ಕುದುರೆಯ ಹಾಗೆ ಬುರ್ರೆನ್ನಿಸುವುದು, ಇಷ್ಟೇ. ಐವತ್ತರ ಹೆಂಗಸು ಹಿತ್ತಲಲ್ಲಿ ಕೂತು ಬುರ್ರ್ ಅನ್ನುವುದನ್ನು ಪಕ್ಕದ ಮನೆಯವರು ಕಿಟಕಿಯಿಂದ ನೋಡಿದರು. ನಾನೂ ಅವರನ್ನು ನೋಡಿಕೊಂಡೇ ಬುರ್ರ್ ಅಂದೆ.

ಗಂಟಲು ಸುಧಾರಿಸಿದ ಮೇಲೆ ಉಸಿರಿನ ಪಾಠ. ಎರಡು ಕೈಯಿಂದ ಗೋಡೆಯನ್ನು ತಳ್ಳುತ್ತಾ ಹಾಡಿಸಿದಳು. ಕೆಟ್ಟು ನಿಂತ ಗಾಡಿ ತಳ್ಳುವಾಗ ಪಕ್ಕೆ ಹೇಗೆ ಅಗಲವಾಗಿ ನಿಲ್ಲುತ್ತದೋ ಹಾಗೆ ನಿಲ್ಲಬೇಕು, ಹೆಗಲು ಮಾತ್ರ ಏಳಕೂಡದು, ಗಾಳಿಯನ್ನು ಒಮ್ಮೆಲೇ ಚೆಲ್ಲಬಾರದು. ಮಾತಿನ ದನಿಯಲ್ಲಿ ಶುರುಮಾಡಿ, ಅದೇ ದನಿಯನ್ನು ಒಂದೊಂದೇ ಮೆಟ್ಟಿಲು ಮೇಲೆ ಕರೆದುಕೊಂಡು ಹೋಗಬೇಕು. ದನಿ ಮೇಲೆ ಹೋದಂತೆ ಬಾಯಿಯನ್ನು ಹಿಗ್ಗಿಸದೆ ಒಂಚೂರು ಕಿರಿದು ಮಾಡಬೇಕು. ಹಾಗೆ ಮಾಡಿದರೆ ಮೇಲೆ ಹೋದಾಗಲೂ ಎದೆ ಜೊತೆಗೇ ಬರುತ್ತದೆ, ಅಟ್ಟಕ್ಕೆ ಹಾರಿಕೊಳ್ಳುವುದಿಲ್ಲ. ಹೇಳುವುದು ಸುಲಭ. ನನ್ನ ದನಿ ಐದನೇ ಮೆಟ್ಟಿಲಲ್ಲಿ ಎರಡು ಹೋಳಾಗಿ ಕೋಳಿಮರಿಯ ಹಾಗೆ ಕಿಯ್ಯೆನ್ನುತ್ತದೆ. "ಒಡೀಲಿ ಬಿಡಿ. ಒಡೆದ ಜಾಗದಲ್ಲೇ ಕೆಲಸ" ಎನ್ನುತ್ತಾಳೆ.

ಕಳೆದ ಗುರುವಾರ ಒಂದು ತಮಾಷೆ ಆಯಿತು. ಇವರನ್ನು ಊಟಕ್ಕೆ ಕರೆಯಲು ಮಹಡಿಯ ಕಟಕಟೆಯಲ್ಲಿ ನಿಂತು, ಪಕ್ಕೆ ಅಗಲಿಸಿ, "ಊಟಾ!" ಅಂದೆ. ಕೆಳಗೆ ಸೈಕಲ್ ರಿಪೇರಿ ಮಾಡುತ್ತಿದ್ದ ಇವರ ಕೈಯಿಂದ ಸ್ಪ್ಯಾನರ್ ಬಿತ್ತು. ರಸ್ತೆಯಾಚೆಯ ಟೈಲರ್ ತಲೆಯೆತ್ತಿದ. ಬಸ್ಸಿಗೆ ಕಾಯುತ್ತಿದ್ದ ಒಬ್ಬ ಅಪರಿಚಿತ, "ಬಂದೆ" ಅಂದ. ಊಟ ಮಾಡುವಾಗ ಇವರು ನನ್ನನ್ನೇ ನೋಡುತ್ತಿದ್ದರು. "ಇಷ್ಟು ವರ್ಷ ಇದನ್ನ ಎಲ್ಲಿಟ್ಟಿದ್ದೆ?" ಅಂದರು. ಕೊಂಕು ಇರಲಿಲ್ಲ, ಅಕ್ಕ. ಅವರಿಗೆ ಹೆಮ್ಮೆಯೇ ಆಗಿತ್ತು.

ಈಗ ಹಾಡಿನ ಮಾತು. "ಗೋಡೆ ನಡುಗಲಿ, ಗಾಜು ಒಡೆಯಲಿ" ಚೆನ್ನಾಗಿ ಬರುತ್ತಿದೆ. "ಮೂವತ್ತು ವರ್ಷ ನಿನ್ನ ಸದ್ದು ಕೇಳಿದೆ, ಈಗ ನನ್ನದು ಕೇಳು" ಅದೂ ಬರುತ್ತದೆ. ಮಗ್ಗಕ್ಕೆ ಎದುರಾಗಿ ನಿಂತು ಹೇಳುವ ಹಾಗೆ ಬರೆದಿದ್ದೀಯ, ಹಾಡುವಾಗ ನನ್ನ ಮೈ ಬಿಸಿಯಾಗುತ್ತದೆ. ತೊಡಕು ಒಂದೇ ಕಡೆ. ಪಲ್ಲವಿಯಲ್ಲಿ ವಾದ್ಯಗಳೆಲ್ಲ ನಿಂತು, ಹಾಡುವವಳೊಬ್ಬಳೇ ಎತ್ತರದಲ್ಲಿ ಕೂಗಬೇಕಾದ ಆ ಒಂದು ಮಾತಿದೆಯಲ್ಲ, "ನಿಲ್ಲು!" ಅಂತ. ಅದು ಬರುವುದಿಲ್ಲ. ದನಿ ಒಡೆಯುವುದೂ ಇಲ್ಲ, ಬರುವುದೇ ಇಲ್ಲ. ಉಸಿರು ತುಂಬಿರುತ್ತದೆ, ಬಾಯಿ ತೆರೆಯುತ್ತದೆ, ತುಟಿ ಆ ಮಾತನ್ನು ಆಡುತ್ತದೆ, ಸದ್ದಿಲ್ಲ. ಅದೇ ಎತ್ತರದಲ್ಲಿ ಬೇರೆ ಮಾತು ಕೊಟ್ಟು ನೋಡಿದಳು, ಬಂತು. "ಹಾಗಾದ್ರೆ ಗಂಟಲಿಗೆ ಏನೂ ಆಗಿಲ್ಲ" ಅಂದು ನನ್ನನ್ನೇ ನೋಡಿದಳು. ನಾನು ಕಿಟಕಿಯಾಚೆ ನೋಡಿದೆ.

ಅದಕ್ಕೇ ಕೇಳುತ್ತೇನೆ, ತಪ್ಪು ತಿಳಿಯಬೇಡ. ಆ ಒಂದು ಮಾತು ಬದಲಾಯಿಸಿಕೊಡು. "ಕೇಳು" ಅಂತ ಮಾಡು, "ಸಾಕು" ಅಂತ ಮಾಡು, ಏನಾದರೂ ಸರಿ. ನೀನು ಬರೆದರೆ ಫಿಟ್ಟರ್ ಒಪ್ಪುತ್ತಾನೆ.

ನಿನ್ನ ಮಗಳು ಬಸ್ಸು ಓಡಿಸುವುದನ್ನು ಇಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತೇನೆ. ಚಿಕ್ಕಮ್ಮ ಕೇಳಿದಳೆಂದು ಹೇಳು, ಹುಷಾರಾಗಿ ಓಡಿಸಲಿ, ನೂರು ಕಾಲ ಬಾಳಲಿ.

ನಿನ್ನ,
ತಂಗಿ

ತಾ.ಕ.: ಆ "ಬಂದೆ" ಅಂದವನು ನಿಜವಾಗಲೂ ಒಳಗೆ ಬಂದಿದ್ದರೆ ಊಟ ಹಾಕುತ್ತಿದ್ದೆ.


ಮೇ ೨೬, ಭಾನುವಾರ

ಅಕ್ಕ,

ನಿನ್ನ ಉತ್ತರವನ್ನು ಹತ್ತು ಸಲ ಓದಿದೆ. ಒಂದಕ್ಷರವನ್ನೂ ಬದಲಾಯಿಸುವುದಿಲ್ಲ ಎಂದು ಬರೆದಿದ್ದೀಯ. ಕಾರಣವನ್ನೂ ಬರೆದಿದ್ದೀಯ. ಅದನ್ನು ಇಲ್ಲಿ ಮತ್ತೆ ಬರೆಯುತ್ತೇನೆ, ನಾನು ಸರಿಯಾಗಿ ಓದಿಕೊಂಡೆನೋ ಇಲ್ಲವೋ ಎಂದು ನನಗೇ ಗೊತ್ತಾಗಲಿ. "ಅವತ್ತು ನೀನು ನಿಲ್ಲು ಅಂತ ಕೂಗಿದ್ದೆ. ನನ್ನ ಹಾಳು ಕಿವಿಗೆ ಕೇಳಿಸಲಿಲ್ಲ. ಕಿವಿ ಕೆಡುತ್ತಿದೆಯೆಂದು ನನಗೆ ಮೊದಲೇ ಗುಮಾನಿ ಇತ್ತು, ಕೆಲಸ ಹೋದೀತೆಂದು ಮುಚ್ಚಿಟ್ಟೆ. ನನ್ನ ಬೆರಳಿಗೆ ನಾನೇ ಹೊಣೆ. ನೀನು ಕೂಗಿದ ಕೂಗನ್ನು ಈಗಲಾದರೂ ಊರು ಕೇಳಲಿ ಎಂದು ಆ ಮಾತು ಇಟ್ಟಿದ್ದೇನೆ."

ಏನು ಬರೆಯಲಿ ಇದಕ್ಕೆ? ಎರಡು ದಿನ ಪಾಠಕ್ಕೆ ಹೋಗಲಿಲ್ಲ. ನೀನು ಹೊಣೆಯಲ್ಲ ಅಕ್ಕ. ಇಷ್ಟನ್ನು ಮಾತ್ರ ಈಗ ಬರೆಯಬಲ್ಲೆ.

ತಾಲೀಮು ನಡೆಯುತ್ತಿದೆ. ಕ್ಯಾಂಟೀನ್ ಅಣ್ಣ ಹೊಸ ತಂತಿ ಹಾಕಿಸಿದ್ದಾನೆ, ಗಿಟಾರಿಗೆ ಒಗ್ಗರಣೆ ಸೌಟು ಹಿಡಿದ ಹಾಗೆಯೇ ಬಡಿಯುತ್ತಾನೆ, ಆದರೂ ಕೇಳಲು ಚೆನ್ನಾಗಿರುತ್ತದೆ. ಐದನೇ ಮೆಟ್ಟಿಲು ದಾಟಿದ್ದೇನೆ, ಆರನೆಯದೂ ಗಟ್ಟಿಯಾಗಿದೆ. ಆ ಮಾತು ಬಂದಾಗ ಮಾತ್ರ ಮೌನ. ಫಿಟ್ಟರ್ ಸಂಕೋಚದಿಂದಲೇ, "ಅದನ್ನ ಬೇಕಿದ್ರೆ ನಾನು ಡ್ರಮ್ಸಿನ ಹಿಂದಿಂದ ಕೂಗಿಬಿಡ್ಲಾ?" ಅಂದ. ಬೇಡ ಅಂದೆ. ಅಕ್ಕ ಆ ಮಾತು ಇಟ್ಟದ್ದು ನನ್ನ ಕೂಗಿಗೆ, ನಾನೇ ಹಾಡಬೇಕು. ಅವನು ಕಡ್ಡಿ ತಿರುಗಿಸುತ್ತಾ, "ಹಂಗಾದ್ರೆ ನಿಂಗೋಸ್ಕರ ನಾನು ಕಾಯ್ತೀನಿ. ಎಷ್ಟು ಹೊತ್ತಾದ್ರೂ ಬಡಿಯಲ್ಲ" ಅಂದ. ಒಳ್ಳೆಯವನು.

ಗುಡುಗಮ್ಮ ಈಗ ನನ್ನನ್ನು ಗದರುವುದಿಲ್ಲ. ನಿನ್ನೆ ಪಾಠ ಮುಗಿದ ಮೇಲೆ ಹೇಳಿದಳು, "ನೋಡಿ, ಅದನ್ನ ಹಾಡೋಕೆ ಹೋಗ್ಬೇಡಿ. ಯಾರನ್ನಾದ್ರೂ ನಿಜವಾಗ್ಲೂ ನಿಲ್ಲಿಸಿ." ನಾನು ಮೆಟ್ಟಿಲಿಳಿದು ಬಂದುಬಿಟ್ಟೆ, ನಮಸ್ಕಾರ ಹೇಳುವುದನ್ನೂ ಮರೆತೆ.

ಶೆಡ್ಡಿನೊಳಗೆ ಮತ್ತೆ ಕಾಲಿಡುವುದಿಲ್ಲವೆಂದು ನೀನು ಹೇಳಿದ್ದೀಯ. ಬಾ ಎಂದು ಒತ್ತಾಯ ಮಾಡುವುದಿಲ್ಲ. ಆ ದಿನ ಇವರು ಕೈಯಲ್ಲಿ ಫೋನ್ ಹಿಡಿದುಕೊಂಡು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ನಿನ್ನ ಮಗಳು ನಿನ್ನ ಕಿವಿಗೆ ಫೋನ್ ಹಿಡಿಯಲಿ. ಕೇಳಿಸಿದರೆ ಕೇಳಿಸಲಿ.

ತಂಗಿ


ಜೂನ್ ೩೦, ಭಾನುವಾರ

ನನ್ನ ಅಕ್ಕನಿಗೆ,

ಕಾರ್ಯಕ್ರಮ ಮುಗಿದು ಎಂಟು ದಿನವಾಯಿತು. ಅಂದೇ ಫೋನಿನಲ್ಲಿ ನಾವಿಬ್ಬರೂ ಕೂಗಾಡಿದ್ದಾಯಿತು, ಅತ್ತದ್ದೂ ಆಯಿತು. ಆದರೂ ಕಾಗದ ಬರೆಯದೆ ಬಿಡುವುದುಂಟೇ? ಫೋನಿನಲ್ಲಿ ಅರ್ಧ ವಿಷಯ ಉಳಿದುಹೋಗುತ್ತದೆ. ಈ ಎಂಟು ದಿನ ದಿನವೂ ಹಾಳೆ ತೆಗೆದು ಕೂತೆ, ಮಡಿಚಿಟ್ಟೆ. ಇವತ್ತು ಮುಗಿಸಿಯೇ ಏಳುತ್ತೇನೆ.

ಶೆಡ್ಡನ್ನು ಗುರುತು ಸಿಗದ ಹಾಗೆ ಮಾಡಿದ್ದಾರೆ. ನೆಲಕ್ಕೆ ಮರದ ಹಲಗೆ, ಗೋಡೆಗೆ ತಿಳಿ ಬಣ್ಣ, ಮೇಲಿನ ಗಾಜುಗಳನ್ನೆಲ್ಲ ತೊಳೆದು ಬೆಳಕು ಬಿಟ್ಟಿದ್ದಾರೆ. ಎಣ್ಣೆಯ ವಾಸನೆ ಮಾತ್ರ ಹೋಗಿಲ್ಲ, ಮೂಲೆಗಳಲ್ಲಿ ಇನ್ನೂ ಇದೆ. ಸಂಜೆ ಐದಕ್ಕೇ ಜನ ತುಂಬಿದರು. ಮುಂದಿನ ಮೂರು ಸಾಲು ನಮ್ಮ ಹೆಂಗಸರೇ. ಎಲ್ಲರ ಕೂದಲೂ ಬೆಳ್ಳಗಾಗಿದೆ, ಬಣ್ಣ ಹಾಕಿಕೊಂಡವರನ್ನು ಬಿಟ್ಟು. ಎಲ್ಲರೂ ನಿನ್ನನ್ನು ಕೇಳಿದರು. ನಿನ್ನ ಹಾಡು ಎಂದು ಗೊತ್ತಾದ ಮೇಲೆ ಇನ್ನೂ ನೆಟ್ಟಗೆ ಕೂತರು.

ಸ್ಟೇಜಿನ ಹಿಂದೆ ನಿಂತು ಹಾಡಿನ ಸಾಲುಗಳನ್ನು ಬರೀ ತುಟಿಯಲ್ಲಿ ಆಡಿಸುತ್ತಿದ್ದೆ. ಗುಡುಗಮ್ಮ ಬಂದು ನನ್ನ ಅಂಗೈ ತೆಗೆದು ನನ್ನ ಎದೆಯ ಮೇಲಿಟ್ಟು, "ಮನೆ ವಿಳಾಸ ಹೇಳಿ" ಅಂದಳು. ಹೇಳಿದೆ. "ಸಾಕು, ಹೋಗಿ" ಅಂದಳು.

ಮೊದಲ ಎರಡು ಹಾಡು ಕ್ಯಾಂಟೀನ್ ಅಣ್ಣನದು, ಅದನ್ನು ಬಿಡು. ನಿನ್ನ ಹಾಡು ಶುರುವಾಯಿತು. "ಗೋಡೆ ನಡುಗಲಿ" ಅಂದಾಗಲೇ ಜನ ಬೆಚ್ಚಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ದನಿ ಇವಳದಾ ಅಂತ. ನನಗೂ ಹಾಗೇ ಅನ್ನಿಸಿತು. ಬೆನ್ನಿನಿಂದ ಎದೆಗೆ, ಎದೆಯಿಂದ ಮೈಕಿಗೆ ದನಿ ತಾನಾಗಿ ಹರಿಯುತ್ತಿತ್ತು, ಗಂಟಲು ಹಗುರವಾಗಿತ್ತು. ಆಮೇಲೆ ಪಲ್ಲವಿ ಬಂತು. ಗಿಟಾರು ನಿಂತಿತು, ಡ್ರಮ್ಸು ನಿಂತಿತು. ನಾನು ಬಾಯಿ ತೆರೆದೆ. ನನ್ನ ತುಟಿ "ನಿಲ್ಲು" ಎಂದಿತು. ಸದ್ದಿಲ್ಲ.

ಹಿಂದೆ ಕೂತವರು ಇದೂ ಹಾಡಿನಲ್ಲೇ ಇದೆಯೆಂದು ತಿಳಿದಿರಬೇಕು. ಮುಂದಿನ ಮೂರು ಸಾಲಿನವರು ಹಾಗೆ ತಿಳಿಯಲಿಲ್ಲ. ಅವರು ನನ್ನ ತುಟಿ ಓದಿದರು. ಹತ್ತಿಪ್ಪತ್ತು ಹೆಂಗಸರು ಒಟ್ಟಿಗೆ ತಲೆಯಾಡಿಸಿದರು. ಅವರಲ್ಲಿ ಒಬ್ಬಳು, ನಮ್ಮ ಸಾಲಿನಲ್ಲೇ ಇದ್ದ ಉದ್ದ ಜಡೆಯವಳು, ನೆನಪಿದೆಯಾ, ಕುರ್ಚಿಯಿಂದ ಮುಂದಕ್ಕೆ ಬಾಗಿ, ದನಿಯಿಲ್ಲದೆ, ಬರೀ ತುಟಿಯಲ್ಲಿ ನನಗೆ ಹೇಳಿದಳು: "ಕೇಳಿಸ್ತಿಲ್ಲ ಕಣೇ."

ಫಿಟ್ಟರ್ ಮಾತಿಗೆ ತಪ್ಪಲಿಲ್ಲ. ಬಡಿಯಲಿಲ್ಲ, ಕಾದ. ಎಷ್ಟು ಹೊತ್ತೋ ಗೊತ್ತಿಲ್ಲ. ನಾನು ಆ ಹಲಗೆ ನೆಲ ನೋಡಿದೆ. ಅದರ ಕೆಳಗೆ ಎಲ್ಲಿ ನಿನ್ನ ಮಗ್ಗ ಇತ್ತು, ಎಲ್ಲಿ ನನ್ನದು ಎಂದು ಕಣ್ಣುಮುಚ್ಚಿ ತೋರಿಸಬಲ್ಲೆ. ನೀನು ಅಲ್ಲಿ ಬಾಗಿ ನಿಂತ ಹಾಗೆ ಕಂಡಿತು. ಪಕ್ಕೆ ಅಗಲವಾಯಿತು, ಹೆಗಲು ಏಳಲಿಲ್ಲ. "ನಿಲ್ಲೂ!" ಎಂದೆ.

ಅಕ್ಕ, ಅದು ನನ್ನ ದನಿ. ಶೆಡ್ಡಿನ ಆ ತುದಿಗೆ ಹೋಗಿ ಗಾಜಿಗೆ ಬಡಿದು ತಿರುಗಿ ಬಂತು. ಹಿಂದಿನ ಸಾಲಿನಲ್ಲಿ ಮಗು ಅತ್ತಿತು. ಬಾಗಿಲಲ್ಲಿ ಹೊರಗೆ ಹೋಗುತ್ತಿದ್ದ ಒಬ್ಬರು ಹೆಜ್ಜೆ ಕಿತ್ತಿಡದೆ ಹಾಗೇ ನಿಂತುಬಿಟ್ಟರು. ಉಸಿರು ಮುಗಿಯುವವರೆಗೂ ಹಿಡಿದೆ, ದನಿ ಒಡೆಯಲಿಲ್ಲ. ಫಿಟ್ಟರ್ ಆಮೇಲೆ ಬಡಿದ ಬಡಿತಕ್ಕೆ ಡ್ರಮ್ಮಿನ ಸ್ಟ್ಯಾಂಡೇ ಅರ್ಧ ಅಡಿ ಸರಿಯಿತು. ಎರಡನೇ ಸಲದ ಪಲ್ಲವಿಗೆ ಮುಂದಿನ ಮೂರು ಸಾಲು ಎದ್ದು ನಿಂತು ನನ್ನ ಜೊತೆ ಕೂಗಿತು. ಮೂವತ್ತು ವರ್ಷ ತುಟಿಯಲ್ಲೇ ಮಾತಾಡಿದ ಹೆಂಗಸರು! ಅವರ ದನಿಗಳು ಹೇಗಿವೆ ಎಂಬುದೇ ನನಗೆ ಅವತ್ತು ಗೊತ್ತಾಯಿತು. ಉದ್ದ ಜಡೆಯವಳದು ಎಂಥ ಕರ್ಕಶ ದನಿ ಅಂತೀಯ.

ಕೆಳಗಿಳಿದಾಗ ಇವರು ಒದ್ದೆ ಕಣ್ಣಲ್ಲಿ ಫೋನ್ ಚಾಚಿ, "ತಗೋ, ನಿಮ್ಮಕ್ಕ" ಅಂದರು. ನೀನು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. "ಕೇಳಿಸ್ತು ಕಣೇ! ನಿನ್ನ ದನಿ ಕೇಳಿಸ್ತು. ಅವತ್ತು ಕೇಳಿಸದೇ ಇದ್ದಿದ್ದು ಇವತ್ತು ಕೇಳಿಸ್ತು." ಹತ್ತು ವರ್ಷದ ಮೇಲೆ ನಾವಿಬ್ಬರೂ ಫೋನಿನಲ್ಲಿ ಮಾತಾಡಿದೆವು. ಎದೆಯ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ, ಕೆಳಗಿನ ದನಿಯಲ್ಲಿ ಮಾತಾಡಿದೆ, ನಿನಗೆ ಪ್ರತಿಯೊಂದು ಮಾತೂ ಕೇಳಿಸಿತು. ಸ್ಟೇಜಿನದಕ್ಕಿಂತ ನನಗೆ ಅದೇ ದೊಡ್ಡದು.

ಗುಡುಗಮ್ಮ ಪಾಠ ನಿಲ್ಲಿಸಬಾರದು ಅಂದಿದ್ದಾಳೆ. ಉದ್ದ ಜಡೆಯವಳೂ ಇನ್ನೂ ನಾಲ್ವರೂ ಬರುತ್ತಾರಂತೆ. ನಾನೂ ಸೇರಿ ಆರು ಮುದುಕಿಯರು ಒಟ್ಟಿಗೆ ಬುರ್ರ್ ಅಂದರೆ ಬ್ಯಾಟರಿ ಅಂಗಡಿಯ ಗಿರಾಕಿಗಳ ಗತಿ ಏನೋ. ನಿನ್ನ ಮೊಣಕಾಲು ನೋವು ಬೇಗ ವಾಸಿಯಾಗಲಿ. ನಿನ್ನ ಮಗಳು, ಅಳಿಯ ಸುಖವಾಗಿರಲಿ, ಅವಳು ಹಿಡಿದ ದಾರಿಯಲ್ಲೆಲ್ಲ ಒಳ್ಳೆಯದೇ ಎದುರಾಗಲಿ. ನೀನು ಇನ್ನೊಂದು ಹಾಡು ಬರೆ.

ಎಂದೆಂದಿಗೂ ನಿನ್ನ,
ತಂಗಿ

ತಾ.ಕ.: ಎಂಟು ದಿನ ಹಾಳೆ ಮಡಿಚಿಟ್ಟದ್ದು ಇದಕ್ಕೆ. ಅವತ್ತು ನಾನು ಕೂಗಲಿಲ್ಲ ಅಕ್ಕ. ನಮ್ಮ ಸಾಲಿನ ಮಗ್ಗಗಳನ್ನು ಸ್ವಚ್ಛಮಾಡಲು ನಿಲ್ಲಿಸಿದ್ದರು. ನೀನು ಬಾಗಿ ಹಲ್ಲುಚಕ್ರದಿಂದ ನೂಲು ಕೀಳಲು ಹೊರಟಿದ್ದೆ. ಆ ತುದಿಯಲ್ಲಿ ಹೊಸಬಳೊಬ್ಬಳು ತಿಳಿಯದೆ ನಮ್ಮ ಸಾಲಿನ ಸ್ವಿಚ್ಚಿಗೆ ಕೈ ಹಾಕಿದ್ದು ನನಗೆ ಕಾಣಿಸಿತು. ನಿನಗೂ ನನಗೂ ನಾಲ್ಕು ಹೆಜ್ಜೆ. ಸಾಲು ನಿಂತಿತ್ತು, ಕೂಗಿದ್ದರೆ ಕೇಳುತ್ತಿತ್ತು. ನಾನು ತುಟಿಯಲ್ಲಿ ಹೇಳಿದೆ. ರೂಢಿಯಿಂದ, ಬಾಯಿ ಇಷ್ಟಗಲ ತೆರೆದು, ತುಟಿಯಲ್ಲಿ, "ಅಕ್ಕಾ, ನಿಲ್ಲು" ಎಂದು. ನೀನು ನನಗೆ ಬೆನ್ನು ಮಾಡಿದ್ದೆ. ವಿಚಾರಣೆಗೆ ಬಂದವರು ಕೇಳಿದಾಗ ಕೂಗಿದೆ ಅಂದೆ. ಮೊದಲು ನನಗೂ ಹಾಗೇ ಅನ್ನಿಸಿತ್ತು, ವಾರ ಕಳೆಯುವುದರೊಳಗೆ ನಿಜ ಗೊತ್ತಾಗಿತ್ತು. ಅಷ್ಟರಲ್ಲಿ ನೀನು ಎಲ್ಲರಿಗೂ "ಪಾಪ, ನನ್ನ ತಂಗಿ ಕೂಗಿದ್ಲು, ನನ್ನ ಕಿವಿನೇ ಹಾಳಾಗಿತ್ತು" ಎಂದು ಹೇಳಿಯಾಗಿತ್ತು. ನಾನು ಸುಮ್ಮನಾದೆ. ಹನ್ನೊಂದು ವರ್ಷ ಸುಮ್ಮನಿದ್ದೆ, ನೀನು ನಿನ್ನನ್ನೇ ಬೈದುಕೊಳ್ಳುವುದನ್ನು ನೋಡಿಕೊಂಡು. ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡುತ್ತೇನೆ, ಇದನ್ನೇ ಬಾಯಿಬಿಟ್ಟು ಹೇಳಲು. ದಯವಿಟ್ಟು ಎತ್ತಿಕೋ. "ಹೋಗಲಿ ಬಿಡೇ" ಅನ್ನಬೇಡ, ಬೈಯುವಷ್ಟೂ ಬೈ. ಅಲ್ಲಿಯವರೆಗೆ ಇದೊಂದನ್ನು ನಂಬು. ನಿನ್ನ ಕಿವಿ ಅವತ್ತು ಚೆನ್ನಾಗಿಯೇ ಇತ್ತು. ಕೇಳಿಸಿಕೊಳ್ಳಲು ಅಲ್ಲಿ ಏನೂ ಇರಲಿಲ್ಲ.